ಹೆಸರಿಡಬೇಕಾದವನು ಓಡಿದವನಲ್ಲ

ಪ್ರೀತಿಯ ತಮ್ಮಾ,

ನಿನ್ನ ಡನ್‌ಕರ್ಕ್ ಲೇಖನ ಓದಿದೆ, ಫ್ರಾನ್ಸಿನ ಆ ಬಂದರಿನಲ್ಲಿ ಜರ್ಮನರ ನಡುವೆ ಸಿಕ್ಕಿಬಿದ್ದ ಬ್ರಿಟಿಷ್, ಫ್ರೆಂಚ್ ಸೈನಿಕರನ್ನು ಸಮುದ್ರ ದಾಟಿಸಿ ಇಂಗ್ಲೆಂಡಿಗೆ ಕರೆತಂದ ಕತೆ. ಅರ್ಧ ಚೆನ್ನಾಗಿದೆ. ಜೊತೆಗಿಟ್ಟ ಚೀಟಿಯನ್ನೂ ಓದಿದೆ: "ರಿಟ್ರೀಟ್ ಅನ್ನೋ ಪದಕ್ಕೆ ಡಿಕ್ಷನರಿಯಲ್ಲಿ ರಾಶಿ ಅರ್ಥ ಇವೆ ಸರ್, ಒಂದೂ ಸರಿಹೋಗ್ತಿಲ್ಲ, ಬರೆಯೋದೇ ಬಿಟ್ಟುಬಿಡೋಣ ಅನ್ಸ್ತಿದೆ." ಬಿಡು ಮಾರಾಯ, ಬೇಡ ಅಂದವರು ಯಾರು? ಆದರೆ ಎದೆಮಟ್ಟದ ನೀರಲ್ಲಿ ದೋಣಿಗಾಗಿ ಕಾಯುವ ಆ ಸೈನಿಕ ಇದ್ದಾನಲ್ಲ, ಬೂಟಿನ ಲೇಸು ಬಿಚ್ಚಲು ಹೋಗಿ ಬೆರಳು ಮರಗಟ್ಟಿ ಅಳುತ್ತಾನಲ್ಲ, ಅವನನ್ನು ಬರೆದವನು ಅಷ್ಟು ಸುಲಭಕ್ಕೆ ಬಿಡೋದಿಲ್ಲ.

ಕಾಗುಣಿತ, ಪ್ಯಾರಾ ಎಲ್ಲ ಯಾರಾದರೂ ಹೇಳಿಕೊಡುತ್ತಾರೆ. ನನ್ನ ತಕರಾರು ಒಂದೇ. ನಿನ್ನ ಲೇಖನದಲ್ಲಿ ಎಲ್ಲರೂ ಹಿಮ್ಮೆಟ್ಟುತ್ತಾರೆ. ಸೇನೆ ಹಿಮ್ಮೆಟ್ಟಿತು, ಊರವರು ಹಿಮ್ಮೆಟ್ಟಿದರು, ಕೊನೆಗೆ ಸಮುದ್ರದ ನೀರೂ ಹಿಮ್ಮೆಟ್ಟಿತು. ನೀರು ಇಳಿಯುತ್ತದಪ್ಪಾ!

ಇಂಗ್ಲಿಷಿನ ರಿಟ್ರೀಟ್ ಎಲ್ಲ ಕಡೆ ಹೋಗಿ ಕೂರುತ್ತದೆ. ಸೋತ ಪಡೆ ವಾಪಸ್ ಬಂದರೂ ಅದೇ, ಜನವರಿ 29ಕ್ಕೆ ದೆಹಲಿಯ ವಿಜಯ್ ಚೌಕದಲ್ಲಿ ಬ್ಯಾಂಡ್ ಬಾರಿಸಿದರೂ ಅದೇ, ಕೊಡಗಿನ ರೆಸಾರ್ಟ್ ಬೋರ್ಡಿನ ಮೇಲೂ ಅದೇ. ವಿತ್‌ಡ್ರಾ ಕೂಡ ಹಾಗೇ: ಬ್ಯಾಂಕಿನ ದುಡ್ಡು, ಚುನಾವಣೆಯ ನಾಮಪತ್ರ, ಗಡಿಯ ಸೇನೆ. ನಮ್ಮಲ್ಲಿ ಎದುರಾಳಿಯ ಮುಖ ನೋಡುತ್ತಲೇ ಹೆಜ್ಜೆ ಹಿಂದಿಟ್ಟವನು ಹಿಮ್ಮೆಟ್ಟಿದ. ತಿರುಗಿ ಓಡಿದವನು ಬೆನ್ನು ತೋರಿಸಿದ. ಸಾಲ ಕೊಟ್ಟವರು ಬರುವ ಮುಂಚೆ ರಾತ್ರೋರಾತ್ರಿ ಹೋದವನು ಕಂಬಿ ಕಿತ್ತ. ಯಾವುದು ಸರಿ ಅಂತ ಡಿಕ್ಷನರಿ ಹೇಳೋದಿಲ್ಲ. ಯಾರು ಮಾತಾಡುತ್ತಿದ್ದಾರೆ ಅಂತ ನೋಡು.

ಯಾಕೆಂದರೆ ಹಿಂದೆ ಸರಿದವರು ತಮ್ಮ ಕೆಲಸಕ್ಕೆ ತಾವೇ ಚಂದದ ಹೆಸರು ಇಟ್ಟುಕೊಳ್ಳುತ್ತಾರೆ. 1943ರ ಫೆಬ್ರವರಿಯಲ್ಲಿ ಅಮೆರಿಕದ ಎದುರು ಸೋತು ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪ ಬಿಟ್ಟುಬಂದ ಜಪಾನಿನ ಸೇನೆ ತನ್ನ ಜನರಿಗೆ "ತೆನ್‌ಶಿನ್" ಅಂದಿತು. ದಿಕ್ಕು ಬದಲಿಸಿ ಮುಂದೆ ಹೋದೆವು ಅಂತ! ಡನ್‌ಕರ್ಕ್‌ನಲ್ಲಿ 1940ರ ಮೇ 26ರಿಂದ ಜೂನ್ 4ರ ತನಕ 3,38,000ಕ್ಕೂ ಜಾಸ್ತಿ ಜನರನ್ನು ದಾಟಿಸಿದರು. ಫಿರಂಗಿ, ಲಾರಿ ಎಲ್ಲ ಅಲ್ಲೇ ಉಳಿದವು. ಇಂಗ್ಲೆಂಡಿನಲ್ಲಿ ಅದನ್ನು ಪವಾಡ ಅಂದರು. ಹೀಗೆ ತೆರವು ಮಾಡಿ ಯುದ್ಧ ಗೆಲ್ಲೋಕಾಗಲ್ಲ ಅಂತ ಆ ಜೂನ್ 4ರಂದೇ ಪಾರ್ಲಿಮೆಂಟಿನಲ್ಲಿ ಎಚ್ಚರಿಸಿದ್ದು ಚರ್ಚಿಲ್. ಆ ಮನುಷ್ಯನ ಎಷ್ಟೋ ಮಾತು ನನಗೆ ಆಗಿಬರೋದಿಲ್ಲ, ಇದೊಂದನ್ನು ಒಪ್ಪುತ್ತೇನೆ.

ನನಗೆ ಯಾಕೆ ಇಷ್ಟು ಉರಿ ಅಂತೀಯಾ? ಹಿಂದೆ ಒಂದು ವಾರಪತ್ರಿಕೆಗೆ ಕತೆ ಕಳಿಸಿದ್ದೆ. ಅದರಲ್ಲೊಬ್ಬ ಚಿಕ್ಕಪ್ಪ ಚೀಟಿ ದುಡ್ಡು ಎತ್ತಿಕೊಂಡು ಕಂಬಿ ಕೀಳುತ್ತಾನೆ. ಅಚ್ಚಾಗಿ ಬಂದಾಗ "ಪಲಾಯನಗೈದನು" ಆಗಿತ್ತು. ಲುಂಗಿ ಎತ್ತಿಕಟ್ಟಿ ಹಿತ್ತಿಲ ಬೇಲಿ ಹಾರಿದವನು ಗೈಯೋದು ಏನನ್ನ? ಆ ಸಂಪಾದಕರು ಈಗಿಲ್ಲ. ನನ್ನ ಸಿಟ್ಟು ಇದೆ.

ಮತ್ತೆ ಬರಿ. ಬ್ರಿಟಿಷ್ ಅಧಿಕಾರಿಯ ವರದಿಯಲ್ಲಿ "ತೆರವು" ಇರಲಿ, ಅದು ಅವನ ಪದ. ಆದರೆ ದೋಣಿಗಳು ಹೋಗುವ ತನಕ ಜರ್ಮನರನ್ನು ತಡೆದು ನಿಂತು, ಕೊನೆಗೆ ಸೆರೆಸಿಕ್ಕ ಸಾವಿರಾರು ಫ್ರೆಂಚ್ ಸೈನಿಕರಿದ್ದರಲ್ಲ, ಅವರು ಏನಂದಿರಬಹುದು? "ನಮ್ಮನ್ನ ಬಿಟ್ಟುಹೋದರು" ಅಂತ ತಾನೆ? ನಿನ್ನ ಲೇಖನದಲ್ಲಿ ಅವರೇ ಇಲ್ಲ. ಅವರನ್ನು ತಂದು ಕೂರಿಸಿ, ದೀಪಾವಳಿಯೊಳಗೆ ಕಳಿಸು. ಅಕ್ಷರ ದೊಡ್ಡದಿರಲಿ, ನನಗೆ ಕಣ್ಣು ಸರಿ ಕಾಣೋದಿಲ್ಲ.

ನಿನ್ನ,
ಹಳೇ ಮೇಷ್ಟ್ರು