ಅರ್ಧಕ್ಕೇ ನಿಲ್ಲಿಸಿದ ಡಾಕ್ಟರಿಗೆ ಮೊದಲ ಥ್ಯಾಂಕ್ಸ್

ಹೃದಯದ ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕಿಸಿಕೊಂಡು ಇವತ್ತಿಗೆ ಒಂದು ವರ್ಷ. ಬೆಳಿಗ್ಗೆ ಮೂರನೇ ಮಹಡಿ ಹತ್ತಿ ಬೀಗದ ಕೈ ಹುಡುಕುವಾಗ ಹೊಳೆಯಿತು, ನಡುವೆ ಎಲ್ಲೂ ನಿಂತಿರಲಿಲ್ಲ! ಮುಂಚೆ ಎರಡನೇ ಮಹಡಿಯಲ್ಲಿ ಸುಮ್ನೆ ಫೋನ್ ನೋಡುವ ನೆಪ ಮಾಡಿ ಗೋಡೆಗೆ ಒರಗುತ್ತಿದ್ದೆ.

ನನ್ನ ಹೃದಯದ ಬಲಗಡೆಯ ರಕ್ತನಾಳ ನೂರಕ್ಕೆ ನೂರು ಮುಚ್ಚಿತ್ತು. ಮೂರು ತಿಂಗಳಿಗಿಂತ ಜಾಸ್ತಿ ಹೀಗೇ ಇದ್ದರೆ ಅದಕ್ಕೆ ಸಿಟಿಒ (ಕ್ರಾನಿಕ್ ಟೋಟಲ್ ಆಕ್ಲೂಷನ್, ಬಹಳ ದಿನದಿಂದ ಪೂರ್ತಿ ಮುಚ್ಚಿದ ನಾಳ) ಅನ್ನುತ್ತಾರೆ. ಮತ್ತೆ ನಾನು ಓಡಾಡಿಕೊಂಡಿದ್ದು ಹೇಗೆ? ಪಕ್ಕದ ನಾಳಗಳಿಂದ ಕೂದಲೆಳೆಯಂಥ ಕವಲುಗಳು ಬಂದು ಒಂದಿಷ್ಟು ರಕ್ತ ಮುಟ್ಟಿಸುತ್ತಿದ್ದವಂತೆ. ಕೂತರೆ ಸಾಕಾಗುತ್ತಿತ್ತು, ಮೆಟ್ಟಿಲು ಹತ್ತಿದರೆ ಸಾಲುತ್ತಿರಲಿಲ್ಲ.

ಡಾಕ್ಟರು ಆಸೆ ಹುಟ್ಟಿಸಲಿಲ್ಲ. "ಸ್ಟೆಂಟ್ ಹಾಕಿದರೆ ಆಯಸ್ಸು ಹೆಚ್ಚುತ್ತೆ ಅಂತ ನಾನು ಹೇಳಲ್ಲ. ಎದೆನೋವು, ಏದುಸಿರು ಕಡಿಮೆಯಾಗಬಹುದು" ಅಂದರು. ಆಮೇಲೆ ಓದಿದೆ. 2018ರ ಯೂರೋ ಸಿಟಿಒ ಅಧ್ಯಯನದಲ್ಲಿ, ಬರೀ ಮಾತ್ರೆ ತಗೊಂಡವರಿಗಿಂತ ಸ್ಟೆಂಟ್ ಹಾಕಿಸಿಕೊಂಡವರಿಗೆ ಎದೆನೋವು ಚೆನ್ನಾಗಿ ಇಳಿದಿತ್ತು. 2019ರ ಡಿಸಿಷನ್ ಸಿಟಿಒ ಅಧ್ಯಯನದಲ್ಲಿ ಸಾವು, ಹೃದಯಾಘಾತದ ಲೆಕ್ಕದಲ್ಲಿ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರು ಹೇಳಿದ್ದೂ ಅದನ್ನೇ ಅಲ್ವಾ?

ಮೊದಲ ಸಲ, ಸ್ಟೆಂಟ್ ಒಯ್ಯಲು ನಾಳದೊಳಗೆ ತೂರಿಸುವ ತೆಳು ವೈರ್ ಬ್ಲಾಕ್ ದಾಟಲೇ ಇಲ್ಲ. ಎರಡೂವರೆ ಗಂಟೆ ಆದ ಮೇಲೆ, "ಸಾಕು, ಡೈ ಜಾಸ್ತಿ ಆಯ್ತು, ಕಿಡ್ನಿಗೆ ಒಳ್ಳೇದಲ್ಲ" ಅಂತ ನಿಲ್ಲಿಸಿಬಿಟ್ಟರು. ಡೈ ಅಂದರೆ ಎಕ್ಸ್‌ರೇ ಸ್ಕ್ರೀನಿನಲ್ಲಿ ನಾಳ ಕಾಣಲಿ ಅಂತ ಒಳಗೆ ಬಿಡುವ ದ್ರವ. ಆವತ್ತು ನನಗೆ ಸಿಟ್ಟೇ ಬಂದಿತ್ತು. ಹಟಕ್ಕೆ ಬಿದ್ದು ಮುಂದುವರಿಸಿದ್ದರೆ ನಾಳ ತೂತಾಗುವ ಅಪಾಯವೂ ಇತ್ತು ಅಂತ ಆಮೇಲೆ ಗೊತ್ತಾಯಿತು.

ಎರಡು ತಿಂಗಳು ಬಿಟ್ಟು ಮತ್ತೆ ಮಲಗಿದೆ. ಈ ಸಲ ಮಣಿಕಟ್ಟಿನಿಂದ ಒಂದು ದಾರಿ, ತೊಡೆಸಂದಿಯಿಂದ ಇನ್ನೊಂದು. ನನ್ನನ್ನು ಇಷ್ಟು ದಿನ ಸಾಕಿದ ಆ ಸಣ್ಣ ಕವಲಿನ ಒಳಗಿಂದಲೇ ವೈರ್ ಹೋಗಿ, ಬ್ಲಾಕಿಗೆ ಹಿಂದಿನಿಂದ ಚುಚ್ಚಿತು. ಎಚ್ಚರ ಇದ್ದೆ. ಸ್ಕ್ರೀನಿನಲ್ಲಿ ಕಡಿದ ಕೊಂಬೆಯ ಹಾಗೆ ನಿಂತುಹೋಗುತ್ತಿದ್ದ ಕಪ್ಪು ಗೆರೆ, ಬಲೂನು, ಸ್ಟೆಂಟು ಎಲ್ಲ ಆದ ಮೇಲೆ ತುದಿಯವರೆಗೂ ಹರಿಯಿತು. "ಹೋಯ್ತು ಸಾರ್" ಅಂದರು ಟೆಕ್ನಿಷಿಯನ್. ಆ ಜಾಗದಲ್ಲಿ ಕೇಳಬಾರದ ಮಾತು, ಆದರೂ ಅಷ್ಟು ಖುಷಿ ಕೊಟ್ಟ ಮಾತು ಬೇರೆ ಇಲ್ಲ.

ತೊಡೆಸಂದಿ ಒತ್ತಿ ಹಿಡಿದು, ಮಗಳ ಗಣಿತದ ಮಾರ್ಕ್ಸ್ ಕಥೆ ಹೇಳುತ್ತಾ ನನ್ನ ಭಯ ಮರೆಸಿದ ಸಿಸ್ಟರ್‌ಗೆ ಥ್ಯಾಂಕ್ಸ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ಒಂದು ದಿನವೂ ತಪ್ಪದ ಹಾಗೆ ನೋಡಿಕೊಂಡ ಹೆಂಡತಿಗೆ ಎಷ್ಟು ಹೇಳಿದರೂ ಸಾಲದು. ಎರಡರಲ್ಲಿ ಒಂದನ್ನು ನಿಲ್ಲಿಸಬಹುದಾ ಅಂತ ಮುಂದಿನ ವಾರ ಡಾಕ್ಟರು ನೋಡುತ್ತಾರಂತೆ. ಅಲ್ಲಿಯವರೆಗೂ ಮಾತ್ರೆ ಡಬ್ಬಿ ಅವಳ ಕೈಯಲ್ಲೇ.