ನೆರವಿನ ಧಾನ್ಯ ಎಲ್ಲಿಯದು?

ಮಾನ್ಯ ಸಂಪಾದಕರೇ,

ಹಸಿದವರಿಗೆ ಚರ್ಚ್‌ಗಳು ನೀಡುವ ನೆರವಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯಲ್ಲಿ ಎಷ್ಟು ಕೊಟ್ಟರು ಎಂಬ ಲೆಕ್ಕವಿತ್ತು, ಆ ಧಾನ್ಯ ಎಲ್ಲಿ ಕೊಂಡದ್ದು ಎಂಬ ಮಾತಿರಲಿಲ್ಲ. ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ಕೆನಡಿಯನ್ ಫುಡ್‌ಗ್ರೇನ್ಸ್ ಬ್ಯಾಂಕನ್ನೇ ನೋಡಿ. ಹೆಸರು ಬ್ಯಾಂಕ್ ಆದರೂ ಇದು ಹಸಿದವರಿಗೆ ಆಹಾರ ಒದಗಿಸುವ ಕೂಟ. 1983ರಲ್ಲಿ ಶುರುವಾದ ಇದರಲ್ಲಿ 15 ಚರ್ಚ್‌ಗಳು ಮತ್ತು ಚರ್ಚ್ ಸಂಸ್ಥೆಗಳಿವೆ. ಅಲ್ಲಿನ ರೈತರು ಒಟ್ಟಾಗಿ ಇದಕ್ಕೆಂದೇ ಒಂದು ಹೊಲ ಬಿಡುತ್ತಾರೆ. ಒಬ್ಬರು ಬೀಜ ಕೊಟ್ಟರೆ ಇನ್ನೊಬ್ಬರು ಗೊಬ್ಬರ. ಕೊಯ್ಲಿನ ದಿನ ನೆರೆಹೊರೆಯವರು ತಂತಮ್ಮ ಯಂತ್ರ ತಂದು ಅದೇ ಹೊಲಕ್ಕೆ ಇಳಿಯುತ್ತಾರೆ. ನಮ್ಮ ಮುಯ್ಯಾಳಿನ ಹಾಗೇ, ಅಲ್ವಾ? ಹಿಂದೆ ಕೆನಡಾದ ಧಾನ್ಯವೇ ಹಡಗು ಹತ್ತುತ್ತಿತ್ತು. ನೆರವಿನ ಧಾನ್ಯ ತನ್ನ ದೇಶದ್ದೇ ಆಗಿರಬೇಕೆಂಬ ನಿಯಮವನ್ನು ಅಲ್ಲಿನ ಸರ್ಕಾರ 2008ರಲ್ಲಿ ಪೂರ್ತಿ ಕೈಬಿಟ್ಟಿತು. ಈಗ ಬೆಳೆಯನ್ನು ಕೆನಡಾದಲ್ಲೇ ಮಾರಿ, ಆ ಹಣದಿಂದ ಆದಷ್ಟು ಹಸಿವಿರುವ ಕಡೆಯ ಸಮೀಪದಲ್ಲೇ ಆಹಾರ ಕೊಳ್ಳುತ್ತಾರೆ. ಸಾಗಣೆಯ ಖರ್ಚು ಉಳಿಯುತ್ತದೆ. ಹಸಿವಿರುವ ಕಡೆಯ ರೈತನ ಮಾಲೂ ಮಾರಾಟವಾಗುತ್ತದೆ. ಪುಕ್ಕಟೆ ಗೋಧಿ ಬಂದು ಸುರಿದರೆ ಅವನ ಗತಿ ಏನು?

ಪ್ರವಾಹದ ವರ್ಷ ನಮ್ಮ ಕಡೆಯ ಪರಿಹಾರ ಕೇಂದ್ರವೊಂದರಲ್ಲಿ ಬ್ರೆಡ್ ಪೊಟ್ಟಣಗಳು ಬೂಸು ಹಿಡಿದು ರಾಶಿ ಬಿದ್ದಿದ್ದವು. ಪಕ್ಕದಲ್ಲೇ ಅಜ್ಜಿಯೊಬ್ಬರು, ‘ಒಂದು ಸೇರು ಜೋಳದ ಹಿಟ್ಟು ಸಿಗ್ತದೇನು?’ ಎಂದು ಕೇಳುತ್ತಿದ್ದರು. ಕೊಟ್ಟವರ ಮನಸ್ಸು ಒಳ್ಳೆಯದೇ, ಆದರೆ ಬ್ರೆಡ್ಡಿನಿಂದ ಅವರ ಹೊಟ್ಟೆ ತುಂಬಲಿಲ್ಲ.

ನೆರವು ಕೂಡಿಸುವ ಚರ್ಚ್, ಮಠ, ಸಂಘಗಳು ಸುಮ್ನೆ ದೂರದಿಂದ ಲಾರಿ ತುಂಬಿಸಿ ಕಳಿಸುವ ಬದಲು, ಹಣ ಸಂಗ್ರಹಿಸಿ ಹತ್ತಿರದ ಸಂತೆಯಲ್ಲೇ ಆ ಜನ ಉಣ್ಣುವ ಧಾನ್ಯವನ್ನು ಕೊಳ್ಳಲಿ. ಮುಂದಿನ ವರದಿಯಲ್ಲಿ ಎಷ್ಟು ಎಂಬುದರ ಜೊತೆ ಎಲ್ಲಿ ಕೊಂಡರು ಎಂಬುದನ್ನೂ ನೀವು ಬರೆಯಿರಿ.

– ಓದುಗ, ಬಾಗಲಕೋಟೆ