ಎಣಿಸದೆ ಬಿಟ್ಟ ಉಸ್ತಾದರಿಗೆ

ಕಳೆದ ವಾರ ಬೆಂಗಳೂರಿನಲ್ಲಿ ವಾಯುಪಡೆಯ ಅಗ್ನಿವೀರ್ ವಾಯು ಆಯ್ಕೆಯ ದೈಹಿಕ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾದೆ. ವೈದ್ಯಕೀಯ ಪರೀಕ್ಷೆ ಇನ್ನೂ ಬಾಕಿ ಇದೆ. ಎಲ್ಲ ಮುಗಿದ ಮೇಲೆ ಬರೆದರಾಯಿತು ಎಂದು ಗೆಳೆಯರು ಹೇಳಿದರು. ಆದರೆ ಈ ಋಣ ಮುಂದಿನ ಫಲಿತಾಂಶಕ್ಕಾಗಿ ಕಾಯುವಂಥದ್ದಲ್ಲ. ಬೆಟಗೇರಿಯ ನಮ್ಮ ಓಣಿಯವರಿಗೆ, ಗರಡಿಯ ಉಸ್ತಾದರಿಗೆ, ನನ್ನ ತಂಗಿಗೆ ಇವತ್ತೇ ಹೇಳಬೇಕು.

ಪರೀಕ್ಷೆ ಹೇಗಿರುತ್ತದೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಹುಡುಗರು 1.6 ಕಿಲೋಮೀಟರ್ ದೂರವನ್ನು 7 ನಿಮಿಷದೊಳಗೆ ಓಡಬೇಕು. 10 ನಿಮಿಷ ವಿರಾಮ. ಆಮೇಲೆ ಒಂದು ನಿಮಿಷದಲ್ಲಿ 10 ಪುಷ್ ಅಪ್, ಎರಡು ನಿಮಿಷ ಬಿಟ್ಟು ಒಂದು ನಿಮಿಷದಲ್ಲಿ 10 ಸಿಟ್ ಅಪ್, ಮತ್ತೆರಡು ನಿಮಿಷ ಬಿಟ್ಟು 20 ಬಸ್ಕಿ. ಹತ್ತೇ ಅಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಹೋದ ಸಲ ನಾನೂ ಹಾಗೆಯೇ ಅಂದುಕೊಂಡು ಹೋಗಿದ್ದೆ. ಓಡಿ ಬಂದು ನೆಲಕ್ಕೆ ಕೈಯೂರಿದಾಗ ನನ್ನ ಲೆಕ್ಕದಲ್ಲಿ ಹದಿನಾಲ್ಕಾಯಿತು, ಎದುರಿಗೆ ನಿಂತವರ ಲೆಕ್ಕದಲ್ಲಿ ಆರು. ಅವರ ಲೆಕ್ಕವೇ ಸರಿ. ಸೊಂಟ ಜೋತು ಬಿದ್ದಿತ್ತು, ಮೊಣಕೈ ಅರ್ಧಕ್ಕೇ ಮಡಚುತ್ತಿತ್ತು. ಅದಕ್ಕೂ ಮುಂಚೆ ನಾನು ಹಣ ಕಟ್ಟಿ ಕಲಿತ ತರಬೇತಿ ಕೇಂದ್ರವೊಂದರಲ್ಲಿ ಮೂವತ್ತು ಹುಡುಗರಿಗೆ ಒಟ್ಟಿಗೆ ಸೀಟಿ ಊದಿ ಎಣಿಸುತ್ತಿದ್ದರು. ಯಾರ ಎದೆ ಎಲ್ಲಿಯವರೆಗೆ ಇಳಿಯಿತೆಂದು ನೋಡುವವರಿರಲಿಲ್ಲ.

ಊರಿಗೆ ಮರಳಿ ಎರಡು ವಾರ ಮನೆ ಬಿಟ್ಟು ಹೊರಬರಲಿಲ್ಲ. ಎದುರುಮನೆಯ ಕಾಕಾ ಒಂದು ಬೆಳಿಗ್ಗೆ ಕೈ ಹಿಡಿದು ಗರಡಿಗೆ ಕರೆದುಕೊಂಡು ಹೋದರು. ಉಸ್ತಾದರಿಗೆ ಎಪ್ಪತ್ತು ದಾಟಿದೆ. ಅವರ ಜೀವಮಾನವೆಲ್ಲ ದಂಡ (ಗರಡಿಯ ಹಳೆಯ ಬಗೆಯ ಪುಷ್ ಅಪ್), ಬೈಠಕ್ (ಬಸ್ಕಿ), ಕುಸ್ತಿ. ನಾನು ಪುಷ್ ಅಪ್ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, “ದಂಡದಲ್ಲಿ ಸೊಂಟ ಮೇಲೆದ್ದು ಮೈ ಹಾವಿನಂತೆ ಮುಂದಕ್ಕೆ ಹರಿಯಬೇಕು. ಇದರಲ್ಲಿ ಸೊಂಟ ಏಳಲೂಬಾರದು, ಬೀಳಲೂಬಾರದು. ನೀನು ಮೊದಲು ಹಲಗೆಯಾಗು” ಎಂದರು. ಆ ದಿನ ಅವರು ಲೆಕ್ಕಕ್ಕೆ ತೆಗೆದುಕೊಂಡದ್ದು ಎರಡು.

ಮೂರು ವಾರ ನೆಲದ ಮೇಲೆ ಹಾಕಲು ಬಿಡಲೇ ಇಲ್ಲ. ಮೊದಲು ಕಟ್ಟೆಗೆ ಕೈಯೂರಿ, ಆಮೇಲೆ ಮೆಟ್ಟಿಲಿಗೆ, ಕೊನೆಗೆ ನೆಲಕ್ಕೆ. ಅವರು ನಿಧಾನವಾಗಿ ಐದರವರೆಗೆ ಎಣಿಸುವಷ್ಟು ಹೊತ್ತು ನಾನು ಇಳಿಯುತ್ತಲೇ ಇರಬೇಕು. ತೋಳು ಸೋತು ಕುಸಿಯುವವರೆಗೆ ಎಂದೂ ಹಾಕಿಸಲಿಲ್ಲ. ಇನ್ನೂ ಎರಡು ಮೂರು ಆಗುತ್ತವೆ ಎನ್ನುವಾಗಲೇ ನಿಲ್ಲಿಸಿ, ಉಳಿದದ್ದನ್ನು ಮಧ್ಯಾಹ್ನಕ್ಕಿಷ್ಟು, ಸಂಜೆಗಿಷ್ಟು ಎಂದು ಹಂಚಿಕೊಡುತ್ತಿದ್ದರು. ಭಾನುವಾರ ಕಡ್ಡಾಯ ವಿಶ್ರಾಂತಿ.

ನೆಲಕ್ಕೆ ಬಂದ ಮೇಲೆ ಅವರು ಗರಡಿಯ ಕೆಂಪು ಮಣ್ಣನ್ನು ಒಂದು ಹಿಡಿ ತಂದು ನನ್ನ ಎದೆಯ ಕೆಳಗೆ ಗುಪ್ಪೆ ಮಾಡಿ ಇಡುತ್ತಿದ್ದರು. ಎದೆ ತಾಗಿ ಗುಪ್ಪೆ ಕೆಟ್ಟರೆ ಒಂದು. ಕೆಡದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ. ಕೆಟ್ಟ ಪ್ರತಿ ಸಲವೂ ಬೆರಳುಗಳಿಂದ ಮಣ್ಣನ್ನು ಮತ್ತೆ ಕೂಡಿಸಿ, ತುದಿ ಚೂಪು ಮಾಡಿ, ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಮೊಣಕಾಲು ನೋವಿರುವ ಹಿರಿಯರು, ನಾಲ್ಕು ತಿಂಗಳು ಹೀಗೆ ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. ಒಂದು ರೂಪಾಯಿ ಮುಟ್ಟಲಿಲ್ಲ. ಶನಿವಾರ ಹನುಮಪ್ಪನಿಗೆ ಒಂದು ತೆಂಗಿನಕಾಯಿ ಒಡೆಸಿದ್ದೇ ಅವರು ನನ್ನಿಂದ ಪಡೆದ ಗುರುದಕ್ಷಿಣೆ.

ಸಿಟ್ ಅಪ್‌ನ ಪಾಲು ತಂಗಿಯದು. ಅವಳು ಈ ವರ್ಷ ಎಸ್ಸೆಸ್ಸೆಲ್ಸಿ. ಪ್ರತಿ ಸಂಜೆ ನನ್ನ ಪಾದಗಳ ಮೇಲೆ ಕುಳಿತು, ತೊಡೆಯ ಮೇಲೆ ವಿಜ್ಞಾನದ ಪುಸ್ತಕ ತೆರೆದುಕೊಂಡು ಓದುತ್ತಿದ್ದಳು. ನಾನು ಪ್ರತಿ ಸಲ ಎದ್ದಾಗ ಕಾಣುತ್ತಿದ್ದದ್ದು ಆ ಪುಸ್ತಕದ ರಟ್ಟು. ನಾನು ಕೈಯಿಂದ ಕುತ್ತಿಗೆಯನ್ನು ಎಳೆದುಕೊಂಡು ಏಳುತ್ತಿದ್ದೇನೆ ಎಂಬುದನ್ನು ಮೊದಲು ಕಂಡುಹಿಡಿದವಳು ಅವಳೇ. “ಅಣ್ಣ, ಹೊಟ್ಟೆಯಿಂದ ಏಳು, ಏಳುವಾಗ ಉಸಿರು ಬಿಡು” ಎಂದಳು. ಅಂದಿನಿಂದ ಕುತ್ತಿಗೆ ನೋವು ಹೋಯಿತು. ಹಳೆಯ ನೋಟುಬುಕ್ಕಿನ ಕೊನೆಯ ಪುಟದಲ್ಲಿ ಅವಳು ಪೆನ್ಸಿಲ್ಲಿನಲ್ಲಿ ಬರೆದಿಟ್ಟ ಲೆಕ್ಕ 8ರಲ್ಲಿ ಶುರುವಾಗಿ 31ಕ್ಕೆ ನಿಂತಿದೆ. ಆ ಪುಟವನ್ನು ಹರಿದುಕೊಡೆಂದು ಕೇಳಿದೆ, ಕೊಡಲಿಲ್ಲ. ಅದು ಅವಳದೇ, ಅವಳಲ್ಲೇ ಇರಲಿ.

ಅವ್ವ ನಾಲ್ಕು ತಿಂಗಳು ನನಗೆ ಕಂಡಿಕೆ, ಅಂದರೆ ಮಗ್ಗಕ್ಕೆ ಹಾಕುವ ನೂಲಿನ ಸುರುಳಿ, ಸುತ್ತಲು ಹೇಳಲಿಲ್ಲ. ದಿನವಿಡೀ ಮಗ್ಗದಲ್ಲಿ ಕುಳಿತು, ರಾತ್ರಿ ಆ ಕೆಲಸವನ್ನೂ ತಾನೇ ಮುಗಿಸಿ, ಬೆಳಿಗ್ಗೆ ನನ್ನ ತಟ್ಟೆಗೆ ಮೊಳಕೆ ಬಂದ ಮಡಕೆಕಾಳು ಹಾಕಿಟ್ಟಿರುತ್ತಿದ್ದಳು. ಅವಳಿಗೆ ಧನ್ಯವಾದ ಎಂಬ ಮಾತು ಸಾಲದು, ಅದಕ್ಕೇ ಹೆಚ್ಚು ಬರೆಯುವುದಿಲ್ಲ. ನನ್ನ ಜೊತೆ ಓಡಿದ ಗೆಳೆಯ ಲಿಖಿತ ಪರೀಕ್ಷೆಯಲ್ಲೇ ಹಿಂದೆ ಉಳಿದ. ಆದರೂ ಕೊನೆಯ ದಿನದವರೆಗೆ ಬೆಳಿಗ್ಗೆ ಐದಕ್ಕೆ ನಮ್ಮ ಬಾಗಿಲು ಬಡಿಯುವುದನ್ನು ಬಿಡಲಿಲ್ಲ. ಮುಂದಿನ ಸಲ ಅವನ ಬಾಗಿಲು ಬಡಿಯುವ ಸರದಿ ನನ್ನದು.

ಪರೀಕ್ಷೆಯ ದಿನ ಓಟವನ್ನು 6 ನಿಮಿಷ 20 ಸೆಕೆಂಡಿನಲ್ಲಿ ಮುಗಿಸಿದೆ. ಆ ಹತ್ತು ನಿಮಿಷ ಕುಳಿತುಬಿಡದೆ ಮೆಲ್ಲಗೆ ನಡೆದಾಡುತ್ತ ಉಸಿರು ತಹಬಂದಿಗೆ ತಂದುಕೊಂಡೆ. ಕೈಯೂರಿದಾಗ ಎದೆಯ ಕೆಳಗೆ ಮಣ್ಣಿರಲಿಲ್ಲ. ಆದರೂ ಅಲ್ಲಿ ಗುಪ್ಪೆ ಇದೆಯೆಂದೇ ಇಳಿದೆ. ಈ ಸಲ ನನ್ನ ಲೆಕ್ಕ ಹತ್ತು, ಎದುರಿಗೆ ನಿಂತವರ ಲೆಕ್ಕವೂ ಹತ್ತು.

ಮುಂದಿನ ಕರೆ ಬರುವವರೆಗೆ ನಾನು ಊರಲ್ಲೇ ಇರುತ್ತೇನೆ. ಸೇನೆಗೆ, ಪೊಲೀಸ್ ಇಲಾಖೆಗೆ ತಯಾರಿ ನಡೆಸುತ್ತಿರುವ ಗದಗ-ಬೆಟಗೇರಿಯ ತಮ್ಮಂದಿರು ಬೆಳಿಗ್ಗೆ ಐದೂವರೆಗೆ ಗರಡಿಗೆ ಬನ್ನಿ. ಉಸ್ತಾದರ ಮೊಣಕಾಲಿಗೆ ಈಗ ಬಹಳ ಹೊತ್ತು ಕೂರಲಾಗುವುದಿಲ್ಲ. ಮಣ್ಣು ಕೂಡಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ.